ಸೂರ್ಯ ಹೊರಳುವ ದಿನ



ಉತ್ತರಾಯಣ ಆರಂಭವಾಯಿತೆಂದು ನಾವು ಎಳ್ಳು-ಬೆಲ್ಲ ಹಂಚುವುದು ಜನವರಿ 14 ಅಥವಾ 15ರ ಮಕರ ಸಂಕ್ರಾಂತಿಯಂದು. ಆದರೆ ಸೂರ್ಯನು ದಕ್ಷಿಣದ ಕೊನೆಯನ್ನು ಮುಟ್ಟಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು. ಈ ಅಂತರ ಬಂದದ್ದು ಹೇಗೆ?

ಭೂಮಿಯ ಅಕ್ಷವು ಬುಗುರಿಯಂತೆ ಬಲು ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಪಂಚಾಂಗವು ನಕ್ಷತ್ರಗಳನ್ನು ಆಧರಿಸಿ ಸಂಕ್ರಾಂತಿಯನ್ನು ಗಣಿಸುವುದರಿಂದ, ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಹಬ್ಬವು ದೂರ ಸರಿಯುತ್ತಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡಿದ್ದವು.

ಪೂರ್ವಜರಿಗೆ ಈ ಸರಿಯುವಿಕೆ ತಿಳಿಯದ್ದಲ್ಲ. ವೇದಾಂಗ ಜ್ಯೋತಿಷವು ಉತ್ತರಾಯಣದ ಆರಂಭವನ್ನು ಧನಿಷ್ಠಾ ನಕ್ಷತ್ರದಲ್ಲಿ ಹೇಳಿತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ತನ್ನ ಕಾಲಕ್ಕೆ ಅದು ಮಕರದ ಆದಿಗೆ ಬಂದಿದೆಯೆಂದು ದಾಖಲಿಸಿ, ವ್ಯತ್ಯಾಸವನ್ನು ಪ್ರತ್ಯಕ್ಷ ಪರೀಕ್ಷಿಸಿ ಅರಿಯಬೇಕೆಂದನು. ದೂರದ ಗುರುತಿನ ನೇರಕ್ಕೆ ಸೂರ್ಯೋದಯವನ್ನು ನೋಡುವುದು, ನೆಲದ ವೃತ್ತದಲ್ಲಿ ನೆರಳನ್ನು ಗುರುತಿಸುವುದು ಆತ ತಿಳಿಸಿದ ವಿಧಾನಗಳು.

ಗುಡ್ಡಗಳ ನಡುವೆ ಬಾಳುವ ನಮಗೆ ಇದು ಸುಲಭ. ಡಿಸೆಂಬರಿನಲ್ಲಿ ದಿನವೂ ಒಂದೇ ಜಾಗದಲ್ಲಿ ನಿಂತು, ಸೂರ್ಯನು ಯಾವ ಗುಡ್ಡದ ಮಗ್ಗುಲಿನಿಂದ ಏಳುತ್ತಾನೆಂದು ನೋಡಿರಿ. ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಡಿರಿ. 14 ಡಿಗ್ರಿ ಉತ್ತರ ಅಕ್ಷಾಂಶದ ಮಲೆನಾಡಿನ ಊರುಗಳಲ್ಲಿ ಆ ದಿನದ ನಡುಹಗಲ ನೆರಳು ಸುಮಾರು 76 ಸೆಂಟಿಮೀಟರ್. ವರ್ಷದ ನಡುಹಗಲ ನೆರಳುಗಳಲ್ಲೇ ಉದ್ದನೆಯದು. ಜೊತೆಗೆ ಮಾವು ಹೂಬಿಟ್ಟ ದಿನವನ್ನೂ ತೊರೆ ಬತ್ತಿದ ದಿನವನ್ನೂ ಬರೆದಿಡಿರಿ. ನಮ್ಮ ಆಯುಷ್ಯದಲ್ಲಿ ಆ ನೆರಳು ಬದಲಾಗದು. ಅದರ ಪಕ್ಕದಲ್ಲಿಟ್ಟು ನೋಡಿದಾಗ ಕಾಡು-ನೀರು ಎಷ್ಟು ಬದಲಾಗಿವೆ ಎಂಬುದು ನಮಗೇ ತಿಳಿಯುತ್ತದೆ.