ತಟ್ಟೆ ನಮ್ಮದು, ಲೆಕ್ಕ ಯಾರದು?

(ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉಣ್ಣುವ ಮೊದಲು ಕೈ ತೊಳೆಯಬೇಕು ಎಂದು ಹಿರಿಯರು ಕಲಿಸಿದರು. ಉಣ್ಣುವ ಮೊದಲು ಫೋಟೊ ತೆಗೆಯಬೇಕು ಎಂದು ಮೊಬೈಲು ಕಲಿಸುತ್ತಿದೆ. ತೆಗೆಯಿರಿ, ಬೇಡ ಅನ್ನಲು ನಾನು ಬಂದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ದುಡಿಯುವವರು ತಿನ್ನುವ ಅಳತೆ ತಿಳಿದುಕೊಂಡರೆ ಒಳ್ಳೆಯದೇ. ಆದರೆ ಫೋಟೊ ನೋಡಿ ಕ್ಯಾಲೊರಿ ಹೇಳುವ ಆ್ಯಪ್‌ಗಳು ಇಂದು ಸಾಲುಗಟ್ಟಿ ನಿಂತಿವೆ. ಎಲ್ಲಕ್ಕೂ ‘ಕೃತಕ ಬುದ್ಧಿಮತ್ತೆ’ಯ ಪಟ್ಟಿ ಅಂಟಿಸಿದೆ. ಯಾವುದನ್ನು ಇಟ್ಟುಕೊಳ್ಳಬೇಕು? ನನ್ನ ಮಾತು ಒಂದೇ: ನಿಮ್ಮ ಮನೆಯ ಊಟ ಗೊತ್ತಿಲ್ಲದ ಆ್ಯಪ್‌ಗೆ ನಿಮ್ಮ ಹೊಟ್ಟೆಯ ಲೆಕ್ಕ ಒಪ್ಪಿಸಬೇಡಿ.

ಇಂಥ ಆ್ಯಪ್ ಸಾಮಾನ್ಯವಾಗಿ ಮಾಡುವುದಿಷ್ಟೆ. ತಟ್ಟೆಯಲ್ಲಿ ಏನಿದೆಯೆಂದು ಊಹಿಸುತ್ತದೆ. ಎಷ್ಟಿದೆಯೆಂದು ಊಹಿಸುತ್ತದೆ. ಆಮೇಲೆ ಪಟ್ಟಿ ನೋಡಿ ಗುಣಿಸುತ್ತದೆ. ಎರಡು ಊಹೆ, ಒಂದು ಗುಣಾಕಾರ! ಊಹೆಯೇ ತಪ್ಪಿದರೆ ಗುಣಾಕಾರ ಸರಿಯಿದ್ದು ಏನು ಫಲ?

ನೀವೇ ಪರೀಕ್ಷೆ ಮಾಡಿ. ಬಿಸಿಬೇಳೆಬಾತಿನ ಒಂದು ಫೋಟೊ ತೆಗೆಯಿರಿ. ಒಂದು ದೊಡ್ಡ ಚಮಚ ತುಪ್ಪ ಹಾಕಿ, ಚೆನ್ನಾಗಿ ಕಲಸಿ, ಇನ್ನೊಂದು ತೆಗೆಯಿರಿ. ಆ ಒಂದು ಚಮಚದಲ್ಲೇ ಸುಮಾರು 120 ಕ್ಯಾಲೊರಿ ಇದೆ. ಕ್ಯಾಮೆರಾಗೆ ಅದು ಕಂಡೀತೆ? ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ‘ಎಣ್ಣೆ ಎಷ್ಟು, ತುಪ್ಪ ಎಷ್ಟು?’ ಎಂದು ಕೇಳುವ, ನೀವು ತಿದ್ದಿದರೆ ಒಪ್ಪಿಕೊಳ್ಳುವ ಆ್ಯಪ್ ಒಳ್ಳೆಯದು. ತಿದ್ದಲು ಬಿಡದ್ದನ್ನು ಆ ಕ್ಷಣವೇ ಅಳಿಸಿ.

ಎರಡನೆಯ ಪರೀಕ್ಷೆ ನಮ್ಮ ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. 80 ಗ್ರಾಂ ಹಿಟ್ಟಿನ ಮುದ್ದೆ ತೂಕಕ್ಕಿಟ್ಟರೆ 250 ಗ್ರಾಂ ತೂಗಬಹುದು. ಮಿಕ್ಕಿದ್ದು ನೀರು, ನೀರಿಗೆ ಕ್ಯಾಲೊರಿ ಇಲ್ಲ. ಸರಿಯಾದ ಲೆಕ್ಕ ಸುಮಾರು 256. ಇಡೀ ಮುದ್ದೆಯನ್ನು ಒಣಹಿಟ್ಟೆಂದು ತಿಳಿದ ಆ್ಯಪ್ 800 ಎನ್ನುತ್ತದೆ! ಅದನ್ನು ನಂಬಿದವರು ಮುದ್ದೆ ಬಿಡುತ್ತಾರೆ. ತಪ್ಪು ಲೆಕ್ಕದ್ದು, ಶಿಕ್ಷೆ ಮುದ್ದೆಗೆ!

ಪಟ್ಟಿ ಇಲ್ಲ ಎಂಬ ನೆಪ ಯಾರೂ ಹೇಳುವಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಈ ದೇಶದ 528 ಆಹಾರ ಪದಾರ್ಥಗಳ ಪಟ್ಟಿ ಪ್ರಕಟಿಸಿದೆ. ಅದರಲ್ಲಿ ರಾಗಿಯೂ ಇದೆ, ಜೋಳವೂ ಇದೆ. ಆ್ಯಪ್ ಯಾವ ಪಟ್ಟಿ ಬಳಸುತ್ತದೆ ಎಂದು ಕೇಳಿ. ಬಸ್ಸಾರು, ಉಪ್ಪುಸಾರು, ನೀರ್‌ದೋಸೆ, ಎಣ್ಣೆಗಾಯಿ ಎಂದು ಕನ್ನಡದಲ್ಲೇ ಬರೆದು ಹುಡುಕಿ. ಸಿಕ್ಕದಿದ್ದರೆ ಮನೆಯ ಅಡುಗೆಯನ್ನು ಸಾಮಾನುಗಳ ತೂಕದ ಸಮೇತ ನೀವೇ ಸೇರಿಸಲು ಬರುತ್ತದೆಯೋ ನೋಡಿ. ಬಾರದಿದ್ದರೆ ಏನಾಗುತ್ತದೆ ಗೊತ್ತೆ? ಬಿಸ್ಕತ್ತಿನ ಪೊಟ್ಟಣದ ಬಾರ್‌ಕೋಡ್ ತೋರಿಸಿದರೆ ಕ್ಷಣದಲ್ಲಿ ಲೆಕ್ಕ ಸಿದ್ಧ, ಅವ್ವನ ಸಾರಿಗೆ ಹತ್ತು ನಿಮಿಷದ ಒದ್ದಾಟ. ದಿನ ಕಳೆದಂತೆ ಕೈ ಸುಲಭದ ಕಡೆಗೇ ಹೋಗುತ್ತದೆ. ತೆಳ್ಳಗಾಗಲು ಹೊರಟವರು ಪೊಟ್ಟಣದ ಗಿರಾಕಿಗಳಾಗುತ್ತಾರೆ!

ಮೂರನೆಯದು, ಗುಟ್ಟಿನ ಪ್ರಶ್ನೆ. ನಿಮ್ಮ ತೂಕ, ಕಾಯಿಲೆ, ಊಟದ ಹೊತ್ತು ಎಲ್ಲವೂ ಆ ಕಂಪನಿಯ ಕೈಯಲ್ಲಿರುತ್ತದೆ. 2018ರಲ್ಲಿ ಮೈಫಿಟ್‌ನೆಸ್‌ಪಾಲ್ ಎಂಬ ಹೆಸರಾಂತ ಆ್ಯಪ್‌ನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳುವಾಯಿತು. ದೊಡ್ಡವರ ಮನೆಗೇ ಕನ್ನ ಬಿದ್ದ ಮೇಲೆ ನಿನ್ನೆ ಹುಟ್ಟಿದ ಆ್ಯಪ್‌ಗಳ ಗತಿಯೇನು? ಖಾತೆ ಮುಚ್ಚಿದರೆ ಮಾಹಿತಿ ಅಳಿಸುತ್ತಾರೆಯೇ ಎಂದು ಮೊದಲೇ ಓದಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯ ಪ್ರಕಾರ, ನಿಮ್ಮ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗಿರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಂದಾಗ ಕಂಪನಿಗಳಿಗೆ ಸಿದ್ಧವಾಗಲು 18 ತಿಂಗಳು ಕಾಲ ಕೊಟ್ಟಿದ್ದಾರೆ. ಕೊಡಲಿ. ಕೇಳುವ ಬಾಯಿ ನಮ್ಮದು ಈಗಲೇ ತೆರೆಯಲಿ!

ಕೊನೆಯದಾಗಿ, ಎಲ್ಲರಿಗೂ ದಿನಕ್ಕೆ 1200 ಕ್ಯಾಲೊರಿ ಎಂದು ಒಂದೇ ಗೆರೆ ಎಳೆಯುವ ಆ್ಯಪ್ ಬೇಡವೇ ಬೇಡ. ಕೂತು ಕೆಲಸ ಮಾಡುವ 65 ಕಿಲೊ ತೂಕದ ಗಂಡಸಿಗೆ ದಿನಕ್ಕೆ ಸುಮಾರು 2110, 55 ಕಿಲೊ ತೂಕದ ಹೆಂಗಸಿಗೆ ಸುಮಾರು 1660 ಕ್ಯಾಲೊರಿ ಬೇಕೆಂದು ಅದೇ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ ಇದ್ದವರು, ಬಸುರಿ ಬಾಣಂತಿಯರು ಆ್ಯಪ್ ಬಿಟ್ಟು ವೈದ್ಯರನ್ನು ಕೇಳಿ. ಊಟ ಕಂಡರೆ ಹೆದರಿಕೆ ಶುರುವಾಗಿದ್ದರೆ ಇಂದೇ ಅಳಿಸಿ, ಮನೆಯವರಿಗೆ ಹೇಳಿ.

ದುಡ್ಡು ಕಟ್ಟುವ ಮೊದಲು ಒಂದು ವಾರ ಪುಕ್ಕಟೆ ಬಳಸಿ, ಈ ಪರೀಕ್ಷೆಗಳನ್ನೆಲ್ಲ ಮಾಡಿ. ಪಾಸಾದದ್ದು ಇರಲಿ, ಫೇಲಾದದ್ದು ಹೋಗಲಿ. ಯಂತ್ರ ನಮ್ಮ ಊಟ ಕಲಿಯಲಿ. ಯಂತ್ರಕ್ಕೆ ಗೊತ್ತಿಲ್ಲವೆಂದು ನಾವು ನಮ್ಮ ಊಟ ಮರೆಯುವುದು ಬೇಡ.