‘ಇಷ್ಟು ಸಾಕು’ ಎನ್ನದ ಮೇಷ್ಟ್ರು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಯಾರಾದರೂ ಒಬ್ಬ ಮಹನೀಯರ ಬಗ್ಗೆ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಸಾಫ್ಟ್‌ವೇರ್ ಇಂಜಿನಿಯರ್ ಎಂದ ಮೇಲೆ ಕಂಪ್ಯೂಟರ್ ಕಂಡುಹಿಡಿದವರ ಬಗ್ಗೆ ಹೇಳುತ್ತೇನೆಂದು ನೀವು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವುದು ಒಬ್ಬ ಕ್ರೈಸ್ತ ಧರ್ಮಗುರುಗಳನ್ನು, ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರನ್ನು. ಯಾಕೆಂದರೆ, ಪಾದ್ರಿಯಾಗುವ ಮೊದಲು ಅವರು ಹೈಸ್ಕೂಲ್ ಮೇಷ್ಟ್ರು.

ಟುಟು ಹುಟ್ಟಿದ್ದು 1931ರ ಅಕ್ಟೋಬರ್ 7ರಂದು, ಕ್ಲರ್ಕ್ಸ್‌ಡಾರ್ಪ್ ಎಂಬ ಊರಿನಲ್ಲಿ. ತಂದೆ ಶಾಲಾ ಮುಖ್ಯೋಪಾಧ್ಯಾಯರು. ತಾಯಿ ಬೇರೆಯವರ ಮನೆಗೆಲಸ, ಅಡುಗೆ ಕೆಲಸ ಮಾಡಿದವರು. ಆ ತಾಯಿಯನ್ನು ಕಂಡು ಒಮ್ಮೆ ಬಿಳಿಯ ಪಾದ್ರಿಯೊಬ್ಬರು ಗೌರವದಿಂದ ಟೋಪಿ ತೆಗೆದರಂತೆ. ಕಪ್ಪು ಕೆಲಸದಾಕೆಗೆ ಬಿಳಿಯನೊಬ್ಬ ಮರ್ಯಾದೆ ಕೊಟ್ಟದ್ದನ್ನು ಟುಟು ಜೀವನವಿಡೀ ನೆನೆಯುತ್ತಿದ್ದರು. ಆ ಪಾದ್ರಿಯ ಹೆಸರು ಟ್ರೆವರ್ ಹಡಲ್‌ಸ್ಟನ್. ಹದಿಹರೆಯದಲ್ಲಿ ಕ್ಷಯ ಬಂದು ಟುಟು ಸುಮಾರು ಒಂದೂವರೆ ವರ್ಷ ಆಸ್ಪತ್ರೆಯಲ್ಲಿದ್ದಾಗ ಪುಸ್ತಕ ಹಿಡಿದು ಬಂದು ನೋಡುತ್ತಿದ್ದವರೂ ಅವರೇ.

ಹುಡುಗನಿಗೆ ಡಾಕ್ಟರಾಗುವ ಆಸೆ. ಮೆಡಿಕಲ್ ಸೀಟೂ ಸಿಕ್ಕಿತು. ಫೀಸಿಗೆ ಹಣವಿರಲಿಲ್ಲ. ಶಿಕ್ಷಕರ ತರಬೇತಿ ಮುಗಿಸಿ, ಬಿ.ಎ. ಮಾಡಿಕೊಂಡು ಹೈಸ್ಕೂಲ್ ಸೇರಿದರು. ನಮ್ಮಲ್ಲೂ ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಹೀಗೆಯೇ ಬಂದವರಲ್ಲವೇ!

ಅಷ್ಟರಲ್ಲಿ 1953ರ ಬಾಂಟು ಶಿಕ್ಷಣ ಕಾಯ್ದೆ ಬಂತು. ಕಪ್ಪು ಮಕ್ಕಳಿಗೆ ಬೇರೆಯದೇ, ಕೆಳಮಟ್ಟದ ಶಿಕ್ಷಣ. ಕಾಯ್ದೆಯ ಹಿಂದಿದ್ದ ಸಚಿವ ಹೆಂಡ್ರಿಕ್ ವರ್ವೂರ್ಡ್, ಮುಂದೆ ಪ್ರಧಾನಿಯೂ ಆದವರು. ಬದುಕಿನಲ್ಲಿ ಉಪಯೋಗಕ್ಕೆ ಬಾರದ ಗಣಿತವನ್ನು ಕಪ್ಪು ಮಗುವಿಗೆ ಕಲಿಸಿ ಏನು ಪ್ರಯೋಜನ ಎಂಬುದು ಅವರ ವಾದ. ಕೂಲಿ ಮಾಡುವವನಿಗೆ ಇಷ್ಟು ಸಾಕು ಎಂದರ್ಥ. ಇದೇ ಶಾಲೆಯ ಕರಿಹಲಗೆಯ ಮೇಲೆ ಕಲಿತ ಗಣಿತದಿಂದ ಇಂದು ಅನ್ನ ಉಣ್ಣುತ್ತಿರುವ ನನಗೆ ಈ ವಾದ ಓದಿದಾಗ ಮೈ ಉರಿಯಿತು.

ಟುಟು ಆಗ ಮದುವೆಯಾಗಿ ಮಕ್ಕಳಾಗಿದ್ದವರು. ಕೈಯಲ್ಲಿದ್ದದ್ದು ಅದೊಂದೇ ನೌಕರಿ. ಆದರೂ ಮಕ್ಕಳಿಗೆ ಅರ್ಧ ವಿದ್ಯೆ ಬಡಿಸುವ ಕೆಲಸ ತನ್ನಿಂದಾಗದು ಎಂದು ರಾಜೀನಾಮೆ ಕೊಟ್ಟು, ಪಾದ್ರಿಯಾಗಲು ಓದಿದರು. 1961ರಲ್ಲಿ ದೀಕ್ಷೆಯಾಯಿತು. ಮುಂದೆ ಲಂಡನ್ನಿನಲ್ಲಿ ಓದಿ ಸ್ನಾತಕೋತ್ತರ ಪದವಿ ಪಡೆದರು.

ಆರ್ಚ್‌ಬಿಷಪ್ ಎಂದರೇನು? ಒಂದು ಊರಿನ ಚರ್ಚಿಗೆ ಪಾದ್ರಿ. ಅಂಥ ಹಲವು ಚರ್ಚುಗಳ ಧರ್ಮಪ್ರಾಂತಕ್ಕೆ ಬಿಷಪ್. ಆ ಬಿಷಪ್ಪರಿಗೆಲ್ಲ ಹಿರಿಯರು ಆರ್ಚ್‌ಬಿಷಪ್. ಟುಟು ಅವರದು ಇಂಗ್ಲೆಂಡಿನ ಸಭೆಯಿಂದ ಬೆಳೆದ ಆಂಗ್ಲಿಕನ್ ಪಂಥ. ನಮ್ಮ ಸಿ.ಎಸ್.ಐ. ಸಭೆ ಕೂಡ 1947ರಲ್ಲಿ ಆಂಗ್ಲಿಕನ್ನರು ಮತ್ತು ಬೇರೆ ಕೆಲವು ಪ್ರಾಟೆಸ್ಟೆಂಟ್ ಪಂಗಡದವರು ಕೂಡಿ ಆದದ್ದು. 1986ರಲ್ಲಿ ಟುಟು ಕೇಪ್‌ಟೌನಿನ ಆರ್ಚ್‌ಬಿಷಪ್ ಆದರು. ಆ ಪೀಠಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ. ಅವರ ಅಧಿಕೃತ ನಿವಾಸವಿದ್ದದ್ದು ಬಿಳಿಯರಿಗೆ ಮೀಸಲಾದ ಬಡಾವಣೆಯಲ್ಲಿ. ಸರ್ಕಾರದ ಪರವಾನಗಿ ಕೇಳದೆಯೇ ಹೋಗಿ ವಾಸವಾದರು.

ಶಾಲೆ ಬಿಟ್ಟರೂ ಮೇಷ್ಟ್ರುತನ ಬಿಡಲಿಲ್ಲ. 1976ರ ಮೇ ತಿಂಗಳಲ್ಲಿ, ಜನರ ಸಿಟ್ಟು ಸಿಡಿಯಲಿದೆ ಎಂದು ಪ್ರಧಾನಿ ಫೋರ್ಸ್ಟರ್ ಅವರಿಗೆ ಪತ್ರ ಬರೆದು ಎಚ್ಚರಿಸಿದರು. ಪ್ರಧಾನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಜೂನ್ 16ರಂದು ಸೊವೆಟೊದ ಶಾಲಾ ಮಕ್ಕಳು, ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಹೇರಿದ್ದನ್ನು ಪ್ರತಿಭಟಿಸಿ ಬೀದಿಗಿಳಿದರು. ಪೊಲೀಸರು ಮಕ್ಕಳ ಮೇಲೆ ಗುಂಡು ಹಾರಿಸಿದರು.

ತಮ್ಮವರಿಗೂ ಬುದ್ಧಿ ಹೇಳಲು ಟುಟು ಹಿಂಜರಿಯಲಿಲ್ಲ. 1985ರಲ್ಲಿ ಡುಡುಝಾ ಎಂಬಲ್ಲಿ, ಪೊಲೀಸರ ಏಜೆಂಟನೆಂಬ ಸಂಶಯದ ಮೇಲೆ ಜನ ಒಬ್ಬನನ್ನು ಸುಡಲು ಹೊರಟಾಗ, ಗುಂಪಿನೊಳಗೆ ನುಗ್ಗಿ ಅವನನ್ನು ಉಳಿಸಿದರು. 1984ರಲ್ಲೇ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. ಮಂಡೇಲಾ ಅಧ್ಯಕ್ಷರಾದ ಮೇಲೆ ಸತ್ಯ ಮತ್ತು ಸಂಧಾನ ಆಯೋಗಕ್ಕೆ ಇವರನ್ನೇ ಮುಖ್ಯಸ್ಥರನ್ನಾಗಿ ಮಾಡಿದರು. ನೊಂದವರ 21,000ಕ್ಕೂ ಹೆಚ್ಚು ಹೇಳಿಕೆಗಳು ಆ ಆಯೋಗಕ್ಕೆ ಬಂದವು. ತಪ್ಪಿತಸ್ಥ ಸತ್ಯವನ್ನು ಪೂರ್ತಿ ಹೇಳಿದರಷ್ಟೇ ಕ್ಷಮಾದಾನ. ಕೇಳುತ್ತಾ ಕೇಳುತ್ತಾ ಟುಟು ಎಲ್ಲರೆದುರೇ ಅತ್ತದ್ದುಂಟು. ನಮ್ಮ ದೇಶ ಅವರಿಗೆ 2005ರ ಸಾಲಿನ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟು ಗೌರವಿಸಿತು. 2021ರ ಡಿಸೆಂಬರ್ 26ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಅತಿ ಸಾದಾ ಮರದ ಪೆಟ್ಟಿಗೆಯಲ್ಲಿ ದೇಹವನ್ನಿಟ್ಟರು.

ಬಂಧುಗಳೇ, ಅಲ್ಲಿ ‘ಇಷ್ಟು ಸಾಕು’ ಎಂಬುದು ಕಾನೂನಾಗಿತ್ತು. ನಮ್ಮಲ್ಲಿ ಅಂಥ ಕಾನೂನಿಲ್ಲ, ಸಂವಿಧಾನ ನಮ್ಮ ಪರವಾಗಿದೆ. ಆದರೆ ಆ ಮಾತು ಮಾತ್ರ ನಮ್ಮ ಜಗಲಿಗಳ ಮೇಲೆ ಇನ್ನೂ ಕೂತಿದೆ. ಹುಡುಗಿಗೆ ಹತ್ತನೇ ಕ್ಲಾಸು ಸಾಕು. ಸರ್ಕಾರಿ ಶಾಲೆ ಮಕ್ಕಳಿಗೆ ಪಾಸಾದರೆ ಸಾಕು. ಹೊಲಕ್ಕೆ ಹೋಗುವವನಿಗೆ ಬೀಜಗಣಿತ ಯಾಕೆ? ಹೀಗೆನ್ನುವವರು ಕೆಟ್ಟವರಲ್ಲ, ನಮ್ಮವರೇ. ಆದರೂ ಆ ಮಾತಿನಿಂದ ಒಂದು ಮಗುವಿನ ದಾರಿ ಮುಚ್ಚುತ್ತದೆ.

ಐವತ್ತು ವರ್ಷ ಈ ಶಾಲೆ ಆ ಮಾತಿಗೆ ಕಿವಿಗೊಡದೆ ಕಲಿಸಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಕಟ್ಟಡಕ್ಕೆ ದೇಣಿಗೆ ಕೊಡೋಣ, ಜೊತೆಗೆ ಸಮಯವನ್ನೂ ಕೊಡೋಣ. ತಿಂಗಳಿಗೊಂದು ಶನಿವಾರ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಜೊತೆ ಗಣಿತ ಮಾಡಲು ನಾನು ಸಿದ್ಧ. ಇಂಗ್ಲಿಷಿಗೆ, ವಿಜ್ಞಾನಕ್ಕೆ ಯಾರು ಬರುತ್ತೀರೋ ಇವತ್ತೇ ಮುಖ್ಯೋಪಾಧ್ಯಾಯರ ಹತ್ತಿರ ಹೆಸರು ಬರೆಸಿ.