ಎರೆಯ ನಾಡಿನ ದೆವ್ವಗಳು

ದೆವ್ವದ ಕಥೆಯನ್ನು ಹೇಳುವುದಕ್ಕೆ ರಾತ್ರಿಯ ಹೊತ್ತೇ ತಕ್ಕದ್ದು. ನಮ್ಮ ಪಟ್ಟಣಗಳಲ್ಲಿ ಈಗ ಕತ್ತಲೆಂಬುದೇ ಇಲ್ಲವಾದ ಕಾರಣ ಅಲ್ಲಿ ದೆವ್ವಗಳಿಗೂ ಇಂಬಿಲ್ಲವೆಂದು ಅನೇಕರು ಧೈರ್ಯದಿಂದಿದ್ದಾರೆ. ಈ ಧೈರ್ಯ ಅಷ್ಟು ಗಟ್ಟಿಯಾದುದಲ್ಲ. 1990ರ ದಶಕದಲ್ಲಿ, ವಿದ್ಯುದ್ದೀಪಗಳು ಬೆಳಗುತ್ತಿದ್ದ ಬೆಂಗಳೂರಿನ ಬೀದಿಗಳಲ್ಲಿಯೇ, ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದುದನ್ನು ಕಂಡವರು ನಿಮ್ಮಲ್ಲಿಯೂ ಇದ್ದಾರು. ಇರುಳಿನಲ್ಲಿ ಬಂದು ಮನೆಯವರ ಧ್ವನಿಯಿಂದಲೇ ಕೂಗುವ ದೆವ್ವವು ಆ ಬರಹವನ್ನೋದಿ ಹಿಂದಿರುಗುವುದಂತೆ. ಮರುದಿನ ಬಂದರೆ ಮತ್ತೆ ಅದೇ ಬರಹ. ದೆವ್ವವು ಅಕ್ಷರ ಬಲ್ಲದ್ದು, ಮಾತಿಗೆ ತಪ್ಪದ್ದು, ಎಂಬಷ್ಟಾದರೂ ಇದರಿಂದ ತಿಳಿಯುತ್ತದೆ.

ಆದುದರಿಂದ ಹಳ್ಳಿಗರನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ನಗುವ ಬದಲು ಅವರ ಕಥೆಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳೋಣ. ಇಂದು ನಾನು ಆರಿಸಿಕೊಂಡಿರುವುದು ಧಾರವಾಡ ಜಿಲ್ಲೆಯ ಹಳ್ಳಿಗಳನ್ನು.

ಈ ಜಿಲ್ಲೆಯಲ್ಲಿ ಎರಡು ಬಗೆಯ ನೆಲವುಂಟು. ಪಡುವಣ ಕಡೆಯ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಕಾಡುಂಟು, ಬೇಡ್ತಿಯ ಹರಿವುಂಟು. ಮೂಡಲಿಗೆ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಕರಿಯ ಎರೆಯ ಬಯಲು. ಬೇಸಗೆಯಲ್ಲಿ ಬತ್ತಿ, ಮಳೆ ಬಿದ್ದೊಡನೆ ಉಕ್ಕಿ ಬರುವ ಬೆಣ್ಣಿಹಳ್ಳ ಅದರ ನಡುವೆ ಹರಿಯುತ್ತದೆ. ಕಾಡಿನ ಕಡೆಯ ದೆವ್ವಕ್ಕೆ ಮರವೇ ಮನೆ. ಬಯಲಿನ ದೆವ್ವಕ್ಕೆ ಅಡಗಲು ಮರವೂ ವಿರಳ; ಅದು ಹಾಳುಬಾವಿಯಲ್ಲಿಯೋ, ಹಳ್ಳದ ದಂಡೆಯಲ್ಲಿಯೋ, ಮೂರು ದಾರಿಗಳು ಕೂಡುವಲ್ಲಿಯೋ ನೆಲೆಸಬೇಕು. ಕೊಳ್ಳಿದೆವ್ವವಂತೂ ಬಯಲಿಗೆಂದೇ ಹುಟ್ಟಿದ್ದು. ಮೈಲಿಗಟ್ಟಲೆ ಸಮತಟ್ಟಾದ ನೆಲದಲ್ಲಿ ದೂರದ ಒಂದು ಕಂದೀಲು, ಬಂಡಿ ತಗ್ಗಿಗಿಳಿದಾಗ ಆರಿ, ದಿನ್ನೆಯೇರಿದಾಗ ಹೊತ್ತಿದರೆ, ಒಬ್ಬನೇ ಕಣ ಕಾಯುವವನು ಏನೆಂದು ತಿಳಿಯಬೇಕು?

ಈ ಕಥೆಗಳನ್ನೂ ಅವುಗಳೊಡನೆ ಬಂದ ಕಟ್ಟುಕಟ್ಟಳೆಗಳನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸು, ಅದರಲ್ಲಿ ಕರಿದ ತಿನಿಸೋ ಸಿಹಿಯೋ ಇದ್ದರೆ, ಮೇಲೊಂದು ಇದ್ದಿಲ ಚೂರನ್ನಿಡುತ್ತಾಳೆ. ಇಲ್ಲವಾದರೆ ವಾಸನೆ ಹಿಡಿದು ದೆವ್ವವು ಬೆನ್ನು ಹತ್ತುವುದಂತೆ. ಮಗುವಿಗೆ ಗಾಳಿ ಸೋಕಿತೆಂದರೆ ಅನ್ನವನ್ನೋ ರೊಟ್ಟಿಯನ್ನೋ ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಇಟ್ಟು, ಹಿಂದಿರುಗಿ ನೋಡದೆ ಬರುತ್ತಾರೆ. ಬ್ರಹ್ಮರಾಕ್ಷಸನು ನಿಧಿಯನ್ನು ಕಾಯುವುದೂ, ಮೋಹಿನಿಯು ದಾರಿಹೋಕನನ್ನು ಮರುಳುಗೊಳಿಸುವುದೂ ಕಥೆಗಳಲ್ಲಿ ಉಂಟು, ನಿಜ. ಆದರೆ ದಿನಬಳಕೆಯ ದೆವ್ವ ಕೇಳುವುದು ಹೊನ್ನನ್ನಲ್ಲ, ರಕ್ತವನ್ನೂ ಅಲ್ಲ. ಅದು ಕೇಳುವುದು ತುತ್ತು ಕೂಳನ್ನು. ನಮ್ಮ ದೆವ್ವವು ಹಸಿದ ದೆವ್ವ.

ಹಸಿವು ಅದಕ್ಕೆ ಎಲ್ಲಿಂದ ಬಂದಿತು? ಈ ನೆಲದ ಚರಿತ್ರೆಯನ್ನು ಬಲ್ಲವರಿಗೆ ಉತ್ತರ ದೂರವಿಲ್ಲ. 1790ರಿಂದ 1791ರವರೆಗೆ ಧಾರವಾಡದ ಕೋಟೆಗೆ ಮರಾಠರ ದಂಡು ಮುತ್ತಿಗೆ ಹಾಕಿತ್ತು. ಅದೇ ಕಾಲದಲ್ಲಿ ಮಳೆಯೂ ಕೈಕೊಟ್ಟಿತು. 1791-92ರಲ್ಲಿ ದಖ್ಖನ್ನಿನ ಮೇಲೆರಗಿದ ಕ್ಷಾಮಕ್ಕೆ ಬುರುಡೆಗಳ ಬರವೆಂದೇ ಹೆಸರಾಯಿತು. ಸತ್ತವರನ್ನು ಸುಡುವವರೂ ಹೂಳುವವರೂ ಉಳಿಯದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುವೆಂಬುದೇ ಆ ಹೆಸರಿನ ಅರ್ಥ. ಮತ್ತೆ 1876ರಲ್ಲಿ ಧಾತು ಸಂವತ್ಸರದ ಬರ ಬಂದಿತು. 1872ರ ಜನಗಣತಿಯಲ್ಲಿ ಸುಮಾರು 9 ಲಕ್ಷ 88 ಸಾವಿರವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 8 ಲಕ್ಷ 83 ಸಾವಿರಕ್ಕೆ ಇಳಿದಿತ್ತು. ಬೆಳೆಯಬೇಕಾಗಿದ್ದ ಲೆಕ್ಕದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಕಡಿಮೆಯಾದರು. ಸತ್ತವರೆಷ್ಟೋ, ಗುಳೆಹೋಗಿ ಹಿಂದಿರುಗದವರೆಷ್ಟೋ!

ಈಗ ಅಣ್ಣಿಗೇರಿಗೆ ಬರೋಣ. 2010ರ ಆಗಸ್ಟ್ ತಿಂಗಳಿನಲ್ಲಿ ಆ ಊರಿನಲ್ಲಿ ಚರಂಡಿಗಾಗಿ ನೆಲವನ್ನು ತೋಡುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ಹೊರಬಿದ್ದುವು. ಒಂದಲ್ಲ, ಹತ್ತಲ್ಲ, ಅಗೆಯುತ್ತ ಹೋದಂತೆ ಎಣಿಕೆ 600ರ ಹತ್ತಿರಕ್ಕೆ ಮುಟ್ಟಿತು. ಊರಿಗೆ ಊರೇ ನೆರೆಯಿತು. ಯುದ್ಧದಲ್ಲಿ ಕಡಿದ ತಲೆಗಳೆಂದು ಕೆಲವರು ಹೇಳಿದರು, ಬಲಿಕೊಟ್ಟ ತಲೆಗಳೆಂದು ಕೆಲವರು. ವಿದ್ವಾಂಸರು ಅವುಗಳ ಕಾಲವನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದಾಗ ಲೆಕ್ಕಗಳು ಒಂದಕ್ಕೊಂದು ಹೊಂದಲಿಲ್ಲ. ಒಂದು ಎಣಿಕೆ ಆರು ಶತಮಾನಗಳಷ್ಟು ಹಿಂದಕ್ಕೆ ಒಯ್ದಿತು; ಬುರುಡೆಗಳ ಬರದಲ್ಲಿ ಅಳಿದವರೇ ಇವರೆಂಬ ಅಭಿಪ್ರಾಯವೂ ಬಲವಾಗಿ ಹೊರಟಿತು. ವಾದವು ಹೇಗೆ ಮುಗಿದರೂ ನನಗೆ ಕೌತುಕವಾದುದು ಇನ್ನೊಂದು. ಹೆಸರಿಲ್ಲದ ಹೆಣವನ್ನು ಕಂಡೊಡನೆ ನಾವು ಕತ್ತಿಯನ್ನು ನೆನೆಯುತ್ತೇವೆ, ಬರಿದಾದ ಕಣಜವನ್ನು ನೆನೆಯುವುದಿಲ್ಲ.

ಇದಕ್ಕೆ ಕಾರಣ ನಮ್ಮ ಕಲ್ಲುಗಳಲ್ಲಿದೆ. ಅಣ್ಣಿಗೇರಿ ಸಾಮಾನ್ಯವಾದ ಊರಲ್ಲ. ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯ ಅಲ್ಲಿ ಇಂದಿಗೂ ನಿಂತಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದನ್ನು, ಕವಿಯ ತಮ್ಮ ಜಿನವಲ್ಲಭನು ದೂರದ ಕುರಿಕ್ಯಾಲದ ಬಂಡೆಯ ಮೇಲೆ ಬರೆಯಿಸಿದ ಶಾಸನದಿಂದ ತಿಳಿಯುತ್ತೇವೆ. ಸಾವಿರ ವರ್ಷಗಳ ಹಿಂದಿನ ಒಬ್ಬ ಜೋಯಿಸನ ಹೆಸರು ನಮಗೆ ಗೊತ್ತುಂಟು. ಅದೇ ಊರಿನ ಚರಂಡಿಯಲ್ಲಿ ದೊರೆತ ಆರುನೂರು ಮಂದಿಯಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲ. ತುರು ಕಾದು ಮಡಿದವನಿಗೆ ನಾಡು ವೀರಗಲ್ಲನ್ನು ನಿಲ್ಲಿಸಿತು. ಗಂಡನೊಡನೆ ಬೆಂದವಳಿಗೆ ಮಾಸ್ತಿಗಲ್ಲನ್ನು ನಿಲ್ಲಿಸಿತು. ಹಸಿದು ಸತ್ತವನಿಗೆ ಯಾರು ಕಲ್ಲನ್ನು ನಿಲ್ಲಿಸಿಯಾರು? ನಿಲ್ಲಿಸಬೇಕಾದವನೂ ಹಸಿದೇ ಸತ್ತನಲ್ಲ!

ಕಲ್ಲಿನಲ್ಲಿ ಇಂಬು ದೊರೆಯದವರು ಕಥೆಯಲ್ಲಿ ಇಂಬು ಪಡೆದರೆಂದು ನನಗೆ ತೋರುತ್ತದೆ. ಬುತ್ತಿಯ ಬೆನ್ನು ಹತ್ತುವ ದೆವ್ವವೆಂದರೆ ಯಾವುದೋ ಬರದಲ್ಲಿ ದಾರಿಯ ಬದಿಗೆ ಕುಸಿದು, ಹೋಗುವವರ ಗಂಟನ್ನು ನೋಡುತ್ತ ಪ್ರಾಣ ಬಿಟ್ಟವನ ನೆನಪೇ ಇರಬಹುದು. ಅಂದು ಕೊಡಲಾಗಲಿಲ್ಲ, ಅಥವಾ ಕೊಡಲಿಲ್ಲ. ಆ ಅಳುಕೇ ಭಯವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ.

ನಾನು ಮೂಢನಂಬಿಕೆಯ ವಕಾಲತ್ತು ವಹಿಸಿಲ್ಲ. ದೆವ್ವ ಬಿಡಿಸುವೆವೆಂದು ರೋಗಿಯನ್ನು ಬಡಿಯುವುದು ಕ್ರೌರ್ಯ. 2017ರ ಕಾಯಿದೆಯಿಂದ ಕರ್ನಾಟಕವು ಅದನ್ನು ಅಪರಾಧವೆಂದು ವಿಧಿಸಿದುದು ಸರಿಯಾಗಿಯೇ ಇದೆ. ಜ್ವರಕ್ಕೆ ವೈದ್ಯನು ಬೇಕು, ಮಂತ್ರವಾದಿಯಲ್ಲ. ಆದರೆ ಭಯವನ್ನು ಬಿಡುವಾಗ ಅದರೊಳಗಿನ ನೆನಪನ್ನೂ ಬಿಟ್ಟುಬಿಡಬಾರದು.

ಎಳ್ಳಮಾವಾಸ್ಯೆಯ ದಿನ ಆ ಕಡೆಯ ಹೊಲಗಳಿಗೆ ಹೋಗಿ ನೋಡಿರಿ. ಎತ್ತಿನ ಬಂಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಬಂದ ಮನೆಮಂದಿ ಭೂತಾಯಿಯನ್ನು ಪೂಜಿಸಿ, ಬಗೆಬಗೆಯ ಅಡಿಗೆಯನ್ನು ಕಲಸಿ, ಕೂಗು ಹಾಕುತ್ತ ಹೊಲದ ನಾಲ್ಕು ದಿಕ್ಕಿಗೂ ಚರಗ ಚೆಲ್ಲುತ್ತಾರೆ. ಆಮೇಲೆಯೇ ತಾವು ಉಣ್ಣಲು ಕೂಡುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿಕೊಳ್ಳುತ್ತಾರೆ. ಚರಗ ಭೂತಾಯಿಗೆ ಸಲ್ಲುವುದು. ಆದರೆ ಆ ಎರೆಯ ಒಡಲಲ್ಲಿ ಯಾರು ಯಾರು ಮಲಗಿರುವರೆಂಬುದನ್ನು ಅಣ್ಣಿಗೇರಿಯ ಚರಂಡಿ ನಮಗೆ ತೋರಿಸಿದೆ. ಅವರಿಗೂ ಅದರಲ್ಲಿ ಒಂದು ತುತ್ತು ಸಲ್ಲಲಿ.